ದೇವರ ಪಟ್ಟಕ್ಕೆ ಏರಿದ ಮನುಷ್ಯರು

ಕೇಳುಗರಿಗೆ ನಮಸ್ಕಾರ.

ವಿಜಯಪುರದ ಗೋಳಗುಮ್ಮಟ ಹತ್ತಿದವರಿಗೆ ಇದು ಗೊತ್ತು. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ, ಆಚೆ ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ಮಾತು ಕೇಳುತ್ತದೆ. ದುಂಡನೆಯ ಗೋಡೆ ದನಿಯನ್ನು ಚದುರಲು ಬಿಡದೆ ತನ್ನ ಮೈಗುಂಟ ಸಾಗಿಸುತ್ತದೆ, ಅಷ್ಟೇ. ಆದರೆ 1656ರ ಸುಮಾರಿಗೆ ಈ ಗುಟ್ಟು ಒಬ್ಬನಿಗೇ ಗೊತ್ತಿದ್ದು, ಅವನು ಅದನ್ನು ದೇವರ ದನಿ ಎಂದು ಸಾರಿದ್ದರೆ? ಜನ ಕೈಮುಗಿದು ಕೂರುತ್ತಿದ್ದರು, ಅಲ್ವಾ?

ಅಮೆರಿಕದ ರೋಜರ್ ಝೆಲಾಜ್ನಿ 1967ರಲ್ಲಿ ಬರೆದ ‘ಲಾರ್ಡ್ ಆಫ್ ಲೈಟ್’ ಕಾದಂಬರಿಯಲ್ಲಿ ಒಂದಿಡೀ ಗ್ರಹಕ್ಕೆ ಇದೇ ಗತಿ. ಮೊದಲು ಬಂದಿಳಿದ ಅಂತರಿಕ್ಷ ಹಡಗಿನವರು ಮನಸ್ಸನ್ನು ಒಂದು ದೇಹದಿಂದ ಇನ್ನೊಂದಕ್ಕೆ ದಾಟಿಸುವ ಯಂತ್ರ ಇಟ್ಟುಕೊಂಡು, ನಮ್ಮ ದೇವತೆಗಳ ಹೆಸರು ಹೊತ್ತು ಮೆರೆಯುತ್ತಾರೆ. ಮುಂದಿನ ಜನ್ಮ ಬೇಕಾದವರ ಮನಸ್ಸನ್ನು ಮೊದಲು ಯಂತ್ರ ಜಾಲಾಡುತ್ತದೆ. ಎದುರು ಮಾತಾಡಿದವರಿಗೆ ಒಳ್ಳೆಯ ದೇಹ ಸಿಗುವುದಿಲ್ಲ. ಪ್ರಾರ್ಥನೆಗೂ ಯಂತ್ರ ಉಂಟು, ನಾಣ್ಯ ಹಾಕಬೇಕು! ಕೆಳಗಿನ ಜನ ಮುದ್ರಣಯಂತ್ರ ಕಂಡುಹಿಡಿದರೆ ಅದನ್ನು ಹೊಸಕಿ ಹಾಕುತ್ತಾರೆ. ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸಿದ್ದು ಇದೇ. ಶಕ್ತಿ ಇರುವುದು ತಪ್ಪಲ್ಲ, ಇನ್ನೊಬ್ಬರು ಕಲಿಯಬಾರದು ಅನ್ನುವುದು ಪಾಪ.

ನಮ್ಮ ಬಸವನ ಬಾಗೇವಾಡಿ, ಕೂಡಲಸಂಗಮದ ಸೀಮೆಯವರಿಗೆ ಈ ಜಗಳ ಹೊಸದಲ್ಲ. 12ನೇ ಶತಮಾನದಲ್ಲೇ ಶರಣರು ಲಿಂಗವನ್ನು ಗುಡಿಯಿಂದ ಅಂಗೈಗೆ ತಂದರು. ಜನ ಆಡುವ ಕನ್ನಡದಲ್ಲಿ ವಚನ ಬರೆದರು. ದೇವರಿಗೂ ಭಕ್ತನಿಗೂ ನಡುವೆ ನಿಂತು ವಸೂಲಿ ಮಾಡುವವರಿಗೆ ಜಾಗವೇ ಉಳಿಯಲಿಲ್ಲ.

ಕಾದಂಬರಿಯ ನಾಯಕ ಸ್ಯಾಮ್ ಕೂಡ ಹಡಗಿನವನೇ. ದೇವತೆಗಳನ್ನು ಉರುಳಿಸಲು ಬುದ್ಧನ ಬೋಧನೆಯನ್ನು ಆಯುಧವಾಗಿ ಹಿಡಿಯುತ್ತಾನೆ. ಅವನಿಗೇ ಅದರಲ್ಲಿ ನಂಬಿಕೆ ಇಲ್ಲ! ಅವನನ್ನು ಕೊಲ್ಲಲು ಕಾಳಿಯ ವೇಷದವಳು ರಿಲ್ಡ್ ಎಂಬ ಕೊಲೆಗಾರನನ್ನು ಕಳಿಸುತ್ತಾಳೆ. ರಿಲ್ಡ್ ಕಾಯಿಲೆ ಬಿದ್ದಾಗ ಸ್ಯಾಮ್‌ನ ಭಿಕ್ಷುಗಳೇ ಆರೈಕೆ ಮಾಡುತ್ತಾರೆ. ಅಲ್ಲೇ ಉಳಿದು ಬೋಧನೆ ಕೇಳುತ್ತಾ ಕೇಳುತ್ತಾ ರಿಲ್ಡ್‌ಗೆ ನಿಜಕ್ಕೂ ಜ್ಞಾನ ಸಿಗುತ್ತದೆ, ಹೇಳಿದವನಿಗೆ ಸಿಗದೇ ಇದ್ದದ್ದು. ಕೊನೆಗೆ ಗುರುವನ್ನು ಉಳಿಸಲು ಯಮನಿಗೇ ಅಡ್ಡ ನಿಂತು ಪ್ರಾಣ ಬಿಡುತ್ತಾನೆ. ನಿಜವಾದ ಬುದ್ಧ ಅವನೇ ಎಂದು ಸ್ಯಾಮ್ ಆಮೇಲೆ ಬಾಯಿಬಿಟ್ಟು ಒಪ್ಪುತ್ತಾನೆ.

ಯಂತ್ರಗಳ ಅಬ್ಬರ, ಯುದ್ಧ ಎಲ್ಲ ಇನ್ನೂ ಬೇಕಾದಷ್ಟಿದೆ. ನೀವು ಮಾತ್ರ ರಿಲ್ಡ್‌ನ ಭಾಗವನ್ನು ನಿಧಾನವಾಗಿ ಓದಿ. ನಮಸ್ಕಾರ.