‘ಹುಬ್ಬಳ್ಳಿ’ ಎಂದು ಬರೆಯಲು ಪರದೆಯನ್ನು ಎಷ್ಟು ಸಲ ಮುಟ್ಟಬೇಕು?

[ದೃಶ್ಯ: ಹುಬ್ಬಳ್ಳಿಯ ದುರ್ಗದಬೈಲ್ ಬಳಿಯ ಕಿರಾಣಿ ಅಂಗಡಿ. ಮೊಬೈಲಿನಲ್ಲಿ ಮೂಡುತ್ತಿರುವ ಸಾಮಾನಿನ ಯಾದಿ.]

ನಮಸ್ಕಾರ. ಅಕ್ಕಿ, ಬೆಲ್ಲ, ಸಕ್ಕರೆ, ಎಣ್ಣೆ: ಈ ಯಾದಿಯ ಪ್ರತಿಯೊಂದು ಪದದಲ್ಲೂ ಒತ್ತಕ್ಷರವಿದೆ. ಕನ್ನಡವನ್ನು ಚೆನ್ನಾಗಿ ಓದಿ ಬರೆಯಬಲ್ಲ ಎಷ್ಟೋ ಜನ ಫೋನಿನಲ್ಲಿ ಮಾತ್ರ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದಕ್ಕೆ ಅವರ ಉದಾಸೀನ ಕಾರಣವಲ್ಲ, ಕೀಲಿಮಣೆಯ ವಿನ್ಯಾಸ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

[ದೃಶ್ಯ: ‘ಹುಬ್ಬಳ್ಳಿ’ ಪದ ಬಿಡಿಬಿಡಿಯಾಗುತ್ತದೆ.]

‘ಹುಬ್ಬಳ್ಳಿ’ ಕಣ್ಣಿಗೆ ಮೂರೇ ಅಕ್ಷರ. ಫೋನು, ಕಂಪ್ಯೂಟರುಗಳು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ಅದು ಹ, ಕೊಂಬು, ಬ, ಹಲಂತ, ಬ, ಳ, ಹಲಂತ, ಳ, ಗುಡಿಸು ಎಂಬ 9 ಸಂಕೇತಗಳ ಸಾಲು. ಹಲಂತವೆಂದರೆ ವ್ಯಂಜನದ ಸ್ವರವನ್ನು ಕಳೆಯುವ ಚಿಹ್ನೆ. ಇನ್ನು ಜಾಗದ ಮಾತು. ಒಂದೇ ಕೈಯಲ್ಲಿ ಫೋನ್ ಹಿಡಿದು ಹೆಬ್ಬೆರಳಿನಿಂದ ಒತ್ತುವ ಗುಂಡಿ ಸುಮಾರು 9.2 ಮಿಲಿಮೀಟರ್ ಇರಬೇಕೆಂದು ಪೆಕ್ಕಾ ಪಾರ್ಹಿ, ಏಮಿ ಕಾರ್ಲ್‌ಸನ್ ಮತ್ತು ಬೆನ್ ಬೆಡರ್‌ಸನ್ 2006ರ ಅಧ್ಯಯನದಲ್ಲಿ ಸೂಚಿಸಿದರು. ಅಂಥ 10 ಗುಂಡಿಗಳನ್ನು ಸಾಲಾಗಿ ಇಟ್ಟರೆ 92 ಮಿಲಿಮೀಟರ್ ಆಗುತ್ತದೆ. ನಮ್ಮ ಫೋನುಗಳ ಅಗಲ ಸಾಮಾನ್ಯವಾಗಿ 80ನ್ನೂ ದಾಟುವುದಿಲ್ಲ. ಕನ್ನಡದಲ್ಲಿ ವ್ಯಂಜನಗಳೇ 34.

ಈ ತೊಡಕಿಗೆ ಮುಂಬೈ ಐಐಟಿಯ ವಿನ್ಯಾಸ ವಿಭಾಗದ ಪ್ರಾಧ್ಯಾಪಕ ಅನಿರುದ್ಧ ಜೋಶಿ ಅವರು ಲಿಪಿಯ ಒಳಗೇ ಉತ್ತರ ಹುಡುಕಿದರು. ವರ್ಣಮಾಲೆಯ ಕ್ರಮವನ್ನು ಅನುಸರಿಸಿದ ‘ಕೀಲೇಖ್’ ಎಂಬ ಕೀಲಿಮಣೆಯ ಕುರಿತು ಅವರ ತಂಡ 2004ರಲ್ಲೇ ಪ್ರಬಂಧ ಪ್ರಕಟಿಸಿತ್ತು. ಸ್ಪರ್ಶಪರದೆಯ ಫೋನುಗಳಿಗಾಗಿ ರೂಪುಗೊಂಡ ‘ಸ್ವರಚಕ್ರ’ ಎಂಬ ಕೀಲಿಮಣೆ ಕನ್ನಡದಲ್ಲೂ ಇದೆ.

[ದೃಶ್ಯ: ‘ಬ’ ಮೇಲೆ ಬೆರಳು, ಸುತ್ತಲೂ ಚಕ್ರ ತೆರೆದುಕೊಳ್ಳುತ್ತದೆ.]

ವ್ಯಂಜನವನ್ನು ಮುಟ್ಟಿದೊಡನೆ ಅದರ ಗುಣಿತಾಕ್ಷರಗಳು ಬೆರಳಿನ ಸುತ್ತ ಚಕ್ರವಾಗಿ ಮೂಡುತ್ತವೆ. ಬೇಕಾದ ಕಡೆಗೆ ಬೆರಳನ್ನು ಜಾರಿಸಿ ಎತ್ತಿದರೆ ಅಕ್ಷರ ಸಿದ್ಧ. ಪಾಟಿಯ ಮೇಲೆ ಕ, ಕಾ, ಕಿ, ಕೀ ಎಂದು ಬಳ್ಳಿ ಬರೆದು ಕಲಿತ ಧಾರವಾಡದ ಕಡೆಯವರಿಗೆ ಇದು ಹೊಸ ವಿದ್ಯೆಯಲ್ಲ, ಅದೇ ಬಳ್ಳಿ ಇಲ್ಲಿ ದುಂಡಗೆ ಹಬ್ಬಿದೆ. ಹಲಂತದ ಕಡೆಗೆ ಜಾರಿಸಿದರೆ ಉಳಿದ ಗುಂಡಿಗಳ ಮೇಲೆ ಬ್ದ, ಬ್ಬ ಮುಂತಾದ ಒತ್ತಕ್ಷರಗಳು ಮೊದಲೇ ಕಾಣಿಸಿಕೊಳ್ಳುತ್ತವೆ. ಹೀಗೆ ‘ಹುಬ್ಬಳ್ಳಿ’ಗೆ 5 ಸ್ಪರ್ಶ ಸಾಕು.

ಆದರೂ ಬೆರಳನ್ನು ಒತ್ತಿ ಜಾರಿಸುವ ರೂಢಿ ಬರುವವರೆಗೆ ತಡವರಿಸುವುದು ಸಹಜ. ಇಂಗ್ಲಿಷ್ ಕೀಲಿಮಣೆ ಕೈಗೆ ಹತ್ತಿದವರಿಗಂತೂ ಮೊದಮೊದಲು ಇದು ನಿಧಾನವೆನಿಸಬಹುದು.

[ದೃಶ್ಯ: ಮತ್ತೆ ಅಂಗಡಿಯ ಯಾದಿ.]

ಈಗ ‘ಬೆಲ್ಲ’ ಬರೆಯೋಣ. ‘ಬ’ ಮುಟ್ಟಿ ಎತ್ವದ ಕಡೆಗೆ ಜಾರಿಸಿ. ‘ಲ’ ಮುಟ್ಟಿ ಹಲಂತದ ಕಡೆಗೆ ಜಾರಿಸಿ. ಇನ್ನೊಮ್ಮೆ ‘ಲ’ ಮುಟ್ಟಿ ಬೆರಳೆತ್ತಿ.