ಸತ್ತ ಮೇಲೆ ಕೆಲಸ ಶುರು ಮಾಡಿದ ನಾರಣಪ್ಪ

ನಮ್ಮ ಧಾರಾವಾಹಿಗಳಲ್ಲಿ ಸತ್ತವರಿಗೆ ಒಂದೇ ಕೆಲಸ: ಗೋಡೆ ಮೇಲೆ ಹಾರ ಹಾಕಿಸಿಕೊಂಡು ನಗ್ತಾ ಇರೋದು. ಕಥೆ ಎಳೆಯೋಕೆ ಆಗದಿದ್ದಾಗ ಒಂದು ಫ್ಲ್ಯಾಶ್‌ಬ್ಯಾಕ್, ಅದರಲ್ಲೂ ಆಸಾಮಿ ದೇವರಂಥವನು. ಇದನ್ನು ಬರೆಯೋರು ಒಂದು ಸಲ ನಾರಣಪ್ಪನ ಕಡೆ ತಿರುಗಿ ನೋಡಬೇಕು.

ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ, 1965. ಶಿವಮೊಗ್ಗದಿಂದ ಜ್ವರ ಹಿಡಿಸಿಕೊಂಡು ಬಂದ ನಾರಣಪ್ಪ ಸತ್ತ ಅಂತ ಅವನ ಜೊತೆ ಬಾಳ್ತಿದ್ದ ಚಂದ್ರಿ ಬಂದು ಹೇಳೋದರಿಂದಲೇ ಕಥೆ ಕದಲೋದು. ನನ್ನನ್ನು ಕೇಳಿದರೆ ಆ ಪುಸ್ತಕದಲ್ಲಿ ಅತಿ ಹೆಚ್ಚು ದುಡಿಯೋ ಪಾತ್ರ ಊರಿಗೆಲ್ಲ ಧರ್ಮ ಹೇಳೋ ಪಂಡಿತ ಪ್ರಾಣೇಶಾಚಾರ್ಯರದಲ್ಲ, ಈ ಹೆಣದ್ದು.

ಹೆಣ ಎತ್ತೋವರೆಗೆ ಬ್ರಾಹ್ಮಣರ ಅಗ್ರಹಾರ ದೂರ್ವಾಸಪುರದಲ್ಲಿ ಒಲೆ ಹಚ್ಚೋ ಹಾಗಿಲ್ಲ, ಪೂಜೆ ಇಲ್ಲ, ಊಟ ಇಲ್ಲ. ಗಡುವನ್ನು ಯಾರೂ ಬಾಯಲ್ಲಿ ಹೇಳಬೇಕಾಗಿಲ್ಲ. ಹೊಟ್ಟೆ ಹೇಳುತ್ತೆ, ಆಮೇಲೆ ನಾತ ಹೇಳುತ್ತೆ. ಸರಿ, ಸುಟ್ಟುಬಿಡಬಹುದಲ್ಲ? ಆಗಲ್ಲ. ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗಿ ಇಲ್ಲೇ ಕೂರ್ತೀನಿ ಅಂತ ಅವನು ಬದುಕಿದ್ದಾಗಲೇ ಹೆದರಿಸಿಟ್ಟಿದ್ದ. ಹಾಗಾಗಿ ಹೊರಗೆ ಹಾಕಲಿಲ್ಲ, ಬ್ರಾಹ್ಮಣನಾಗೇ ಸತ್ತ. ಬೇರೆಯವರು ಮುಟ್ಟೋ ಹಾಗಿಲ್ಲ, ಆಚಾರ ಬಿಟ್ಟವನು ಅಂತ ಇವರು ಮುಟ್ಟೋಕೆ ತಯಾರಿಲ್ಲ. ಅವತ್ತು ಬಹಿಷ್ಕಾರ ಹಾಕಿದ್ದಿದ್ದರೆ ಕಾದಂಬರಿಯೇ ಇರ್ತಿರಲಿಲ್ಲ, ನೋಡಿ.

ಇದರ ಮೇಲೆ ಚಂದ್ರಿ ಸಂಸ್ಕಾರದ ಖರ್ಚಿಗೆ ಅಂತ ತನ್ನ ಮೈಮೇಲಿನ ಒಡವೆ ಬಿಚ್ಚಿ ಇಡ್ತಾಳೆ. ಅಲ್ಲಿಯವರೆಗೆ ಸಂಸ್ಕಾರ ಮಾಡೋನು ನಾನಲ್ಲ ಅಂತಿದ್ದ ಅವನ ನೆಂಟರು ಗರುಡಾಚಾರ್ಯ, ಲಕ್ಷ್ಮಣಾಚಾರ್ಯ ಇಬ್ಬರಿಗೂ ಧರ್ಮ ಬೇರೆ ಥರ ಕಾಣೋಕೆ ಶುರು. ಒಂದು ಮಾತೂ ಆಡದೆ ನಾರಣಪ್ಪ ಇಡೀ ಕೇರಿಯ ಒಳಗನ್ನು ಹೊರಗೆ ಹಾಕಿಸಿದ.

ಅವನು ಎಂಥವನು ಅಂತ ನಮಗೆ ಹೇಳೋರು ಮುಖ್ಯವಾಗಿ ಅವನ ವೈರಿಗಳು: ಸಾಲಿಗ್ರಾಮ ಹೊಳೆಗೆ ಎಸೆದ, ದೇವರ ಮೀನು ಹಿಡಿದ, ನನ್ನ ಮಗ ಅವನಿಂದಲೇ ಮಿಲಿಟರಿಗೆ ಓಡಿಹೋದ. ಒಂದೊಂದು ದೂರಿನಲ್ಲೂ ನಾರಣಪ್ಪ ಕಾಲು ಭಾಗ, ಹೇಳೋನು ಮುಕ್ಕಾಲು ಭಾಗ ಕಾಣ್ತಾನೆ. ಅವನದೇ ದನಿ ಕೇಳಿಸೋದು ಪ್ರಾಣೇಶಾಚಾರ್ಯರ ನೆನಪಿನಲ್ಲಿ, ಅದೂ ಅಳತೆ ಮಾಡಿದಂತೆ. ಅಲ್ಲಿ ಇನ್ನೆರಡು ಪುಟ ಬಿಟ್ಟಿದ್ದರೂ ಅವನು ವಾದ ಗೆದ್ದ ನಾಯಕನಾಗಿಬಿಡ್ತಿದ್ದ, ದೂರುಗಳೆಲ್ಲ ಪೊಳ್ಳಾಗ್ತಿದ್ದವು. 1970ರ ಸಿನಿಮಾಕ್ಕೆ ಈ ಕಷ್ಟ ತಪ್ಪಲಿಲ್ಲ ಅನ್ನಿಸುತ್ತೆ. ನಾರಣಪ್ಪನಾಗಿ ಲಂಕೇಶರ ಮುಖ ತೆರೆ ಮೇಲೆ ಬಂದ ಕೂಡಲೇ ನಾವು ನಮ್ಮದೇ ತೀರ್ಪು ಕೊಟ್ಟುಬಿಡ್ತೀವಿ. ಗರುಡಾಚಾರ್ಯನ ಮಾತು ಅಷ್ಟರಮಟ್ಟಿಗೆ ಹಗುರ.

ಇನ್ನು ಹೆಣ ಸುಡೋ ಜಾಗ. ರಾತ್ರೋರಾತ್ರಿ ಮೀನು ವ್ಯಾಪಾರಿ ಅಹಮದ್ ಬ್ಯಾರಿ ಚಂದ್ರಿಯ ಜೊತೆ ನಿಂತು ಸುಟ್ಟುಬಿಡ್ತಾನೆ, ನಾರಣಪ್ಪ ಹಿಂದೊಮ್ಮೆ ಎತ್ತು ಕೊಳ್ಳೋಕೆ ಸಾಲ ಕೊಟ್ಟಿದ್ದ ಅನ್ನೋ ಒಂದೇ ಋಣಕ್ಕೆ. ಓದುಗನಿಗೆ ಗೊತ್ತು, ಅಗ್ರಹಾರಕ್ಕೆ ಗೊತ್ತಿಲ್ಲ. ಇಲ್ಲದ ಹೆಣಕ್ಕೆ ಪರಿಹಾರ ಕೇಳೋಕೆ ಇನ್ನೊಂದು ಅಗ್ರಹಾರ ಕೈಮರಕ್ಕೆ, ಅಲ್ಲಿಂದ ಮಠಕ್ಕೆ ನಡೀತಾರೆ. ಹಗಲಲ್ಲಿ ಎಲ್ಲರೆದುರು ಸುಟ್ಟಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು.

ಒಂದು ತಕರಾರು ಇದೆ. ಪ್ರಾಣೇಶಾಚಾರ್ಯರು ಊರು ಬಿಟ್ಟ ಮೇಲೆ ನಾರಣಪ್ಪನ ಹಿಡಿತ ಸಡಿಲ ಆಗುತ್ತೆ. ಹಸಿವಿಲ್ಲ, ನಾತ ಇಲ್ಲ, ಬರೀ ಯೋಚನೆ. ಅದಕ್ಕೇ ಅಲ್ಲಿ ದಾರಿಯಲ್ಲಿ ಜೊತೆಯಾಗೋ ಪುಟ್ಟ ಬರ್ತಾನೆ, ಬಾಯಿ ಮುಚ್ಚದ ಪುಟ್ಟ. ಬೇಡ ಅಂದರೂ ಬೆನ್ನು ಬಿಡಲ್ಲ, ಜಾತ್ರೆ, ಕೋಳಿ ಅಂಕ ಅಂತ ಆಚಾರ್ಯರನ್ನು ಎಳ್ಕೊಂಡು ತಿರುಗ್ತಾನೆ. ಅವನು ಬಂದ ಮೇಲೇ ಆ ಭಾಗ ಮತ್ತೆ ಉಸಿರಾಡೋದು.