ಸದ್ದು ನಿಂತ ಮಿಲ್ಲಿನಲ್ಲಿ

ಎಲ್ಲರಿಗೂ ನಮಸ್ಕಾರ. ನಮ್ಮ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಇವತ್ತು ಅಸಲಿ ಮ್ಯಾಂಚೆಸ್ಟರ್ ಸೀಮೆಯ ಒಂದು ಮಿಲ್ಲಿನ ಕಥೆ ಹೇಳುತ್ತೇನೆ. ಅದೂ ನಮ್ಮ ಮಿಲ್ಲುಗಳ ಹಾಗೆ ಬಾಗಿಲು ಹಾಕಿದ್ದೇ.

ಊರು ಬ್ರೈಯರ್‌ಫೀಲ್ಡ್. ಲ್ಯಾಂಕಷೈರ್‌ನಲ್ಲಿದೆ. ಕಾಲುವೆ ಪಕ್ಕದಲ್ಲಿ ಕಲ್ಲಿನ ದೊಡ್ಡ ಹತ್ತಿ ಮಿಲ್. 1960ರ ದಶಕದಲ್ಲಿ ಪಾಕಿಸ್ತಾನದಿಂದ ಬಹಳ ಜನ ಆ ಸೀಮೆಯ ಮಿಲ್ಲುಗಳಿಗೆ ಕೆಲಸಕ್ಕೆ ಬಂದರು. ರಾತ್ರಿ ಪಾಳಿ ಅಂದರೆ ಹೆಚ್ಚಾಗಿ ಅವರೇ. ಬಿಳಿಯರೂ ಇವರೂ ಮುಖ ನೋಡುತ್ತಿದ್ದ ಜಾಗ ಅಂತ ಇದ್ದದ್ದು ಮಿಲ್ಲೇ. 2006ರಲ್ಲಿ ಬ್ರೈಯರ್‌ಫೀಲ್ಡ್ ಮಿಲ್ ಮುಚ್ಚಿತು. ಆಮೇಲೆ ಅವರ ಬೀದಿ ಅವರಿಗೆ, ಇವರ ಬೀದಿ ಇವರಿಗೆ.

2015ರಲ್ಲಿ ಅಮೆರಿಕದ ಕಲಾವಿದೆ ಸುಜಾನ್ ಲೇಸಿ ಅಲ್ಲಿ ಕೆಲಸ ಶುರು ಮಾಡಿದರು. ಸಾರ್ವಜನಿಕ ಕಲೆ ಅಂದರೆ ನಮಗೆ ಸರ್ಕಲ್‌ನಲ್ಲೊಂದು ಪ್ರತಿಮೆ, ಫ್ಲೈಓವರ್ ಕಂಬಕ್ಕೆ ಪೇಂಟು, ಅಲ್ವಾ? ಲೇಸಿ ಬ್ರಷ್ ಮುಟ್ಟಲೇ ಇಲ್ಲ. ಊರವರ ಜೊತೆ ಕೂತು ಮಾತಾಡಿದರು, ಮಿಲ್ಲಿನ ನೆನಪುಗಳನ್ನು ರೆಕಾರ್ಡ್ ಮಾಡಿಸಿದರು. ಹಾಡಲು ಕರೆದರು.

ಯಾವ ಹಾಡು? ಒಂದು ಕಡೆ ಸೂಫಿಗಳ ಜಿಕ್ರ್, ವೃತ್ತದಲ್ಲಿ ಕೂತು ದೇವರ ಹೆಸರು ಹೇಳುವುದು. ಇನ್ನೊಂದು ಕಡೆ 'ಶೇಪ್ ನೋಟ್' ಎಂಬ ಹಳೆಯ ಕ್ರೈಸ್ತ ಹಾಡುಗಾರಿಕೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸಂಗೀತ ಓದಲು ಬಾರದವರಿಗೂ ಸಿಗಲಿ ಅಂತ ಸ್ವರಗಳಿಗೆ ಆಕಾರ ಕೊಟ್ಟಿದ್ದಾರೆ. 'ಫಾ' ತ್ರಿಕೋನ, 'ಸೋಲ್' ದುಂಡಗೆ, 'ಲಾ' ಚೌಕ, 'ಮಿ' ವಜ್ರದಾಕಾರ. ಮೊದಲು ಸ್ವರ ಹಾಡಿ, ಆಮೇಲೆ ಸಾಹಿತ್ಯಕ್ಕೆ ಬರುತ್ತಾರೆ. ನಮ್ಮ ಸಂಗೀತದ ಮೇಷ್ಟ್ರು ಗೀತೆ ಹೇಳಿಕೊಡುವ ಹಾಗೇ! ಹಾಡುವವರು ನಾಲ್ಕು ಕಡೆ ಚೌಕವಾಗಿ, ಎದುರುಬದುರು ಕೂರುತ್ತಾರೆ. ಕೇಳುಗರಿಗೆ ಅಂತ ಬೇರೆ ಜಾಗವಿಲ್ಲ.

2016ರ ಶರತ್ಕಾಲದಲ್ಲಿ ಆ ಖಾಲಿ ಮಿಲ್ಲಿನೊಳಗೆ ಎರಡೂ ನಡೆದವು. ಉದ್ದನೆಯ ಮೇಜು ಹಾಕಿ ಸುಮಾರು 500 ಜನ ಕೂತು ಉಂಡರು. ಅದರಿಂದ ಹುಟ್ಟಿದ ವಿಡಿಯೋ ಕೃತಿಯ ಹೆಸರೇ 'ದಿ ಸರ್ಕಲ್ ಅಂಡ್ ದಿ ಸ್ಕ್ವೇರ್'. ವೃತ್ತ ಮತ್ತು ಚೌಕ.

ಒಂದು ಊಟದಿಂದ ಎರಡು ಸಮುದಾಯ ಒಂದಾಗಿಬಿಟ್ಟವು ಅಂತ ನಾನೇನೂ ಹೇಳಲಾರೆ. ಮಿಲ್ಲೂ ಈಗ ಹಾಗಿಲ್ಲ, ಅದರಲ್ಲಿ ಫ್ಲ್ಯಾಟುಗಳಾಗಿವೆ. ನನಗೆ ಹಿಡಿಸಿದ್ದು ಬೇರೆ. ಲ್ಯಾಂಕಷೈರ್ ನೇಕಾರರಿಗೆ ಮಗ್ಗದ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಬಾಯಿ ಅಗಲಿಸಿ, ಸದ್ದಿಲ್ಲದೆ, ತುಟಿಯಲ್ಲೇ ಮಾತಾಡುತ್ತಿದ್ದರು. ಅದಕ್ಕೆ 'ಮೀ-ಮಾ' ಅಂತ ಹೆಸರೂ ಇತ್ತು. ಅಂಥ ಕಡೆ, ಯಂತ್ರ ನಿಂತ ಮೇಲೆ, ಜನ ಒಬ್ಬರ ದನಿ ಒಬ್ಬರು ಕೇಳುತ್ತಾ ಹಾಡಿದರು.

ಇಲ್ಲಿ ನಮ್ಮೂರ ಮಿಲ್ಲಿನಲ್ಲಿ ದುಡಿದವರು ಯಾರಾದರೂ ಇದ್ದೀರಾ? ಆ ಗದ್ದಲದಲ್ಲಿ ನೀವು ಹೇಗೆ ಮಾತಾಡುತ್ತಿದ್ದಿರಿ? ಅಲ್ಲಿ, ಹಿಂದೆ ಕೂತ ಅಜ್ಜ ಕೈ ಎತ್ತಿದ್ದಾರೆ. ಅವರಿಗೆ ಮೈಕ್ ಕೊಡಿ.